ಮೈಕ್ ಅಂಗಡಿಯವರ ಕಿವಿ

ರಾಣೆಬೆನ್ನೂರಿನಲ್ಲಿ ಮೂವತ್ತು ವರ್ಷ ಮೈಕ್ ಸೆಟ್ಟಿನ ಅಂಗಡಿ ನಡೆಸಿದವರೊಬ್ಬರು ಹೋದ ತಿಂಗಳು ತೀರಿಕೊಂಡರು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಈ ಮೂರೂ ಕಡೆಯ ಮದುವೆಗಳಿಗೆ, ಸಭೆಗಳಿಗೆ ದನಿ ಕೊಟ್ಟ ಆ ಮನುಷ್ಯನಿಗೆ ಕಿವಿ ಕೇಳುತ್ತಿರಲಿಲ್ಲ. ಅದು ಅವರು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಗುಟ್ಟು. ನನಗೊಬ್ಬನಿಗೆ ಹೇಳಿದರು. ನಾನು ಅದನ್ನು ಊರಿಗೆಲ್ಲ ಹೇಳಿದೆ. ಅದರಿಂದ ಅವರ ಕಸುಬು ಹೋಯಿತು.

ಇಷ್ಟನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ಕೊನೆಗೆ ಹೇಳೋಣವೆಂದು ಹಿಡಿದಿಟ್ಟುಕೊಂಡರೆ ಅದೂ ಒಂದು ಜಾಣತನವಾಗುತ್ತದೆ. ಅಂಥ ಜಾಣತನದಿಂದಲೇ ನಾನು ಕೆಟ್ಟದ್ದು. ಅವರ ಹೆಸರನ್ನು ಬರೆಯುವುದಿಲ್ಲ.

ನಾನು ಬ್ಯಾಡಗಿಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿ ಸೇರಿದವನು, ಅಲ್ಲೇ ಮುದುಕನಾದೆ. ಕೆಲಸ ಬಿಟ್ಟ ಮೇಲೂ ರೈತರ ಫೋನು ನಿಲ್ಲಲಿಲ್ಲ. ಕಾಯಿ ಎಷ್ಟು ದಿನ ಒಣಗಿಸಬೇಕು, ತೇವ ಹೋಗಿದೆಯೋ ಇಲ್ಲವೋ ಹೇಗೆ ನೋಡಬೇಕು, ಬಣ್ಣಗೇಡಿ ಕಾಯನ್ನು ಬೇರೆ ಮಾಡದೆ ಚೀಲ ತುಂಬಿದರೆ ಏನಾಗುತ್ತದೆ, ದಿನವೂ ಇವೇ ಪ್ರಶ್ನೆಗಳು. ಹಾವೇರಿಯ ಶಾಲೆಯೊಂದರಲ್ಲಿ ಕಲಿಸುವ ನನ್ನ ಸೊಸೆ ಒಂದು ದಿನ ಅಂದಳು: "ಮಾವಾರ, ಹೇಳಿದ್ದನ್ನ ದಿನಾ ಇಪ್ಪತ್ತು ಮಂದಿಗೆ ಹೇಳ್ತೀರಿ. ಒಮ್ಮೆ ಹೇಳಿ ರೆಕಾರ್ಡ್ ಮಾಡಿ ಹಾಕಿಬಿಡ್ರಿ. ಬೇಕಾದವ್ರು ಬೇಕಾದಾಗ ಕೇಳ್ತಾರ. ಪಾಡ್‌ಕಾಸ್ಟ್ ಅಂತಾರ ಅದಕ್ಕ."

ಮಾಳಿಗೆಯ ಮೇಲೆ ಕುರ್ಚಿ ಹಾಕಿಕೊಂಡು, ಫೋನನ್ನು ಕೈಯಲ್ಲಿ ಹಿಡಿದು, ಬರೆದುಕೊಂಡಿದ್ದನ್ನು ಓದಿದೆ. "ಪ್ರೀತಿಯ ರೈತ ಬಾಂಧವರೇ" ಎಂದು ಶುರುಮಾಡಿದ್ದೆ. ಸೊಸೆ ಅದನ್ನು ಹಾಕಿದಳು. ಕೇಳಿದವರೆಲ್ಲ ಒಂದು ನಿಮಿಷಕ್ಕೇ ಬಿಟ್ಟುಹೋಗಿದ್ದಾರೆಂದು ಅದರಲ್ಲೇ ತೋರಿಸುತ್ತಿತ್ತು. ಮೈಕು ಸರಿಯಿಲ್ಲ ಎಂದುಕೊಂಡು ರಾಣೆಬೆನ್ನೂರಿಗೆ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಅವರು ನೆಲದ ಮೇಲೆ ಕೂತು ವಯರು ಸುತ್ತುತ್ತಿದ್ದರು. ಮೊಣಕೈಗೂ ಅಂಗೈಗೂ ಎಂಟರ ಆಕಾರದಲ್ಲಿ ಸುತ್ತುವುದು ಅವರ ರೂಢಿ. ನಾನು ಬಾಗಿಲಲ್ಲಿ ನಿಂತು ಎರಡು ಸಲ ಕರೆದರೂ ತಲೆ ಎತ್ತಲಿಲ್ಲ. ಸೊಕ್ಕಿನ ಮನುಷ್ಯ ಎಂದುಕೊಂಡೆ. ಎದುರಿಗೆ ಹೋಗಿ ನಿಂತಾಗ ಮಾತ್ರ ಮುಖವೆಲ್ಲ ನಗುವಾಯಿತು. "ಬರ್ರಿ, ಕುಂದ್ರಿ. ಮದುವಿ ಯಾವತ್ತ?"

"ಮದುವಿ ಅಲ್ರಿ," ಎಂದು, ಬ್ಯಾಡಗಿಯ ಗುಮಾಸ್ತನೆಂದು ಹೇಳಿಕೊಂಡು, ನನ್ನ ರೆಕಾರ್ಡು ಹಚ್ಚಿದೆ. ಅವರು ಫೋನನ್ನು ಒಂದು ಸ್ಪೀಕರ್ ಪೆಟ್ಟಿಗೆಗೆ ಜೋಡಿಸಿ, ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿದರು. ಆಮೇಲೆ, "ಅದ ಮಾತನ್ನ ಬಾಯಿಲೆ ಹೇಳ್ರಿ, ನನ್ನ ಮಾರಿ ನೋಡ್ಕೋತ," ಅಂದರು. ಹೇಳಿದೆ.

"ಯಾರ ಜೋಡಿ ಮಾತಾಡಾಕತ್ತೀರಿ ಇದರಾಗ?"

"ರೈತ ಬಾಂಧವರ ಜೋಡಿ."

"ಅವರ ಮನಿ ಎಲ್ಲೈತ್ರಿ?"

ನಾನು ಜೇಬಿನಿಂದ ಬರೆದ ಕಾಗದ ತೆಗೆದು ನೋಡಿದೆ. "ಬಾಂಧವರು ಅನ್ನೋರು ಯಾರೂ ಇಲ್ಲ, ಗುಮಾಸ್ತರ. ಕಣದಾಗ ಒಬ್ಬಾವ ಕಾಯಿ ಹರವಿಕೊಂಡು ಕುಂತಿರ್ತಾನ, ಕಿವ್ಯಾಗ ವಯರು ಹಾಕ್ಕೊಂಡು. ಅವನೊಬ್ಬನ ಜೋಡಿ ಮಾತಾಡ್ರಿ. ಮೈಕು ಮಾರಾಕ ನನಗೇನ್ ಅಡ್ಡಿಯಿಲ್ಲ, ಆದ್ರ ನಿಮ್ಮ ಮೈಕು ಕೆಟ್ಟಿಲ್ಲ. ಕಾಗದ ಕೆಟ್ಟೈತಿ. ಅದನ್ನ ಮನ್ಯಾಗ ಇಟ್ಟು ಬರ್ರಿ."

ಆವತ್ತು ನಾನು ಮೈಕು ಕೊಳ್ಳಲಿಲ್ಲ, ಅವರನ್ನೇ ಹಿಡಿದುಕೊಂಡೆ. ಬಲ್ಲವರು, ನಗಿಸುವವರು, ಏನನ್ನೂ ಕೇಳದೆ ಕಲಿಸುವವರು. ಎರಡು ವರ್ಷ ಪ್ರತಿ ವಾರ ಒಂದು ದಿನ ನಮ್ಮಿಬ್ಬರದಾಗಿತ್ತು.

ಅಂಗಡಿಯ ಹಿಂದಿನ ಸಣ್ಣ ಕೋಣೆಯಲ್ಲಿ ನಾಲ್ಕೂ ಗೋಡೆಗೆ ಹಳೆಯ ಕೌದಿ ತೂಗಿಬಿಟ್ಟರು. ಬರಿಯ ಗೋಡೆ ಮಾತನ್ನು ವಾಪಸ್ ಕೊಡುತ್ತದೆ, ಕೌದಿ ನುಂಗುತ್ತದೆ ಎನ್ನುತ್ತಿದ್ದರು. ಮೈಕಿಗೂ ಬಾಯಿಗೂ ನಡುವೆ ಒಂದು ಗೇಣು, ಅದೂ ನೇರವಲ್ಲ, ತುಸು ಓರೆ. ನೇರ ಹಿಡಿದರೆ 'ಪ', 'ಬ' ಬಂದಾಗಲೆಲ್ಲ ಉಸಿರು ಬಡಿಯುತ್ತದೆ. ಮನೆಯಲ್ಲಿ ಮಾಡುವಾಗ ಫ್ಯಾನು ಬಂದ್, ಫ್ರಿಜ್ಜೂ ಬಂದ್. ಫ್ರಿಜ್ಜನ್ನು ಮತ್ತೆ ಹಚ್ಚುವುದು ಮರೆತು ಒಂದು ಸಲ ನಮ್ಮ ಮನೆಯ ಹಾಲು ಕೆಟ್ಟಿತು. "ನಿಮ್ಮ ಚಪ್ಪಲಿ ಫ್ರಿಜ್ಜಿನ ಮುಂದ ಬಿಡ್ರಿ. ಹೊರಗ ಹೋಗಬೇಕಂದ್ರ ನೆನಪಾಗ್ತೈತಿ," ಅಂದರು. ನನ್ನ ಹೆಂಡತಿಗೆ ಅವರ ಮೇಲೆ ಸಿಟ್ಟು ಬಂದದ್ದು ಅದೊಂದೇ ಸಲ. ಅಡಿಗೆಮನೆಗೆ ಚಪ್ಪಲಿ ತಂದ ಗುಮಾಸ್ತ ಎಂದು ತಿಂಗಳುಗಟ್ಟಲೆ ಆಡಿಕೊಂಡಳು.

ಯಾವ ಊರಿಗೆ ರೆಕಾರ್ಡಿಗೆ ಹೋದರೂ ಮಾತು ಮುಗಿದ ಮೇಲೆ ಎಲ್ಲರನ್ನೂ ಒಂದು ನಿಮಿಷ ಸುಮ್ಮನೆ ಕೂರಿಸಿ ಆ ಖಾಲಿ ಸದ್ದನ್ನು ತುಂಬಿಕೊಳ್ಳುತ್ತಿದ್ದರು. ಕೆಮ್ಮು ಕತ್ತರಿಸಿದ ಜಾಗಕ್ಕೆ ಅದೇ ಊರಿನ ಸದ್ದಿನ ತೇಪೆ ಹಾಕಬೇಕು, ಬೇರೆ ಊರಿನದು ಹಾಕಿದರೆ ಗೊತ್ತಾಗುತ್ತದೆ. ಮೈಕ್ ನೋಡಲು ಒಂದು ಎರಡು ಮೂರು ಅನ್ನಿಸುತ್ತಿರಲಿಲ್ಲ. "ಮುಂಜಾನೆ ಏನ್ ತಿಂದ್ರಿ?" ಎಂದು ಕೇಳುತ್ತಿದ್ದರು. ತಿಂದದ್ದನ್ನು ಹೇಳುವಾಗ ಮನುಷ್ಯ ತನ್ನ ದನಿಯಲ್ಲಿ ಮಾತಾಡುತ್ತಾನೆ ಎಂದು ಅವರ ನಂಬಿಕೆ.

ಒಂದು ಕಂತು ಎಷ್ಟು ಉದ್ದವಿರಬೇಕು ಎಂದು ಕೇಳಿದೆ. "ಗುತ್ತಲದಾಗ ಬಸ್ ಹತ್ತಿದವ ಹಾವೇರಿ ಸ್ಟ್ಯಾಂಡಿನ್ಯಾಗ ಇಳಿಯೂದ್ರಾಗ ಮುಗೀಬೇಕು," ಅಂದರು. ಬಾಯಿಮಾತಲ್ಲ, ನನ್ನನ್ನು ನಿಜವಾಗಿ ಗುತ್ತಲಕ್ಕೆ ಕರೆದುಕೊಂಡು ಹೋಗಿ, ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರಿಸಿ ನನ್ನ ಕಂತನ್ನು ನನಗೇ ಕೇಳಿಸಿದರು. ಇಂಜಿನ್ನಿನ ಗದ್ದಲದಲ್ಲಿ ನನ್ನ ಮಾತಿನ ಕೊನೆಯ ಅಕ್ಷರಗಳೆಲ್ಲ ಬಿದ್ದುಹೋಗುತ್ತಿದ್ದವು. ಮಂದಿ ಕೇಳುವ ಜಾಗದಲ್ಲಿ ಕೂತು ಕೇಳದೆ ಯಾವುದನ್ನೂ ಹೊರಗೆ ಬಿಡಬಾರದು ಎಂಬುದು ಆವತ್ತು ತಿಳಿಯಿತು. ಅವರು ಮಾತ್ರ ಹೆಡ್‌ಫೋನ್ ಹಾಕಿಕೊಳ್ಳಲಿಲ್ಲ. "ನೀವ ಕೇಳ್ರಿ, ನಿಮ್ಮ ಮಾರಿ ನೋಡಿದ್ರ ನನಗ ಗೊತ್ತಾಗ್ತೈತಿ," ಅಂದರು. ನಾನು ಅದನ್ನು ತಮಾಷೆ ಎಂದುಕೊಂಡೆ.

ಕಂತಿನ ಮೊದಲ ಹತ್ತು ಸೆಕೆಂಡಿನ ಮೇಲೆ ಅವರಿಗೆ ಬಹಳ ಕಾಳಜಿ. ನಮಸ್ಕಾರ, ಸ್ವಾಗತ, ನನ್ನ ಪರಿಚಯ ಎಲ್ಲ ತೆಗೆಸಿದರು. ಕಂತಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಮಾತು ಯಾವುದೋ ಅದು ಮೊದಲು ಬರಬೇಕು. ಅದಕ್ಕೂ ಮುಂಚೆ ನಮ್ಮದೇ ಎಂದು ಗುರುತಾಗುವ ಒಂದು ಸದ್ದು. ನಾನು ಒಣಗಿದ ಕಾಯನ್ನು ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿ ತೋರಿಸಿದೆ. ಒಳಗಿನ ಬೀಜ ಸಣ್ಣಗೆ ಗಲಗಲ ಎನ್ನುತ್ತದೆ, ತೇವವಿದ್ದರೆ ಎನ್ನುವುದಿಲ್ಲ. ಮಾರುಕಟ್ಟೆಯವರಿಗೆ ಬೇರೆ ಗುರುತು ಬೇಡ. "ಕೇಳ್ತಲ್ರಿ?" ಎಂದೆ. ಅವರು ಕಂಪ್ಯೂಟರಿನ ಪರದೆಯಲ್ಲಿ ಏಳುತ್ತಿದ್ದ ಗೆರೆಗಳನ್ನು ನೋಡುತ್ತ, "ಭಾರಿ ಬಂದೈತಿ," ಅಂದರು.

ಬೆಳೆಸುವ ವಿಷಯಕ್ಕೆ ಅವರು ಹೇಳಿದ್ದು ಕಡಿಮೆ. ಮಾರುಕಟ್ಟೆ ದಿನದ ಹಿಂದಿನ ಸಂಜೆ ಹಾಕಬೇಕು, ಒಂದು ವಾರವೂ ತಪ್ಪಿಸಬಾರದು. ಒಳಗೆ ಏನಿದೆಯೋ ಅದನ್ನೇ ತಲೆಬರಹದಲ್ಲಿ ಬರೆಯಬೇಕು. ಫೋನಿನ ಗುಂಪುಗಳಿಗೆ ಎಸೆಯಬಾರದು, ಕೇಳಿದವನಿಗೆ 'ನಿನ್ನ ಬಾಜೂ ಹೊಲದವ ಒಬ್ಬಗ ಕಳಸು' ಎಂದರೆ ಸಾಕು. ರೈತರು ಕಳಿಸಿದ ಪ್ರಶ್ನೆಗಳನ್ನು ಅವರ ದನಿಯಲ್ಲೇ ಹಾಕಿ ಊರಿನ ಹೆಸರು ಹೇಳಬೇಕು, ಒಬ್ಬನ ದನಿ ಬಂದರೆ ಅವನ ಓಣಿಯೇ ಕೇಳುತ್ತದೆ. "ಮತ್ತ ಎಷ್ಟು ಮಂದಿ ಕೇಳಿದ್ರು ಅನ್ನೋ ಎಣಿಕಿ ದಿನಾ ನೋಡಬ್ಯಾಡ್ರಿ. ಬಿತ್ತಿದ ಬೀಜ ದಿನಾ ಅಗದು ನೋಡಿದಂಗ ಅದು."

ನಾನು ದಿನಾ ನೋಡುತ್ತಿದ್ದೆ. ಹಲ್ಲುಜ್ಜುವ ಮೊದಲು ನೋಡುತ್ತಿದ್ದೆ.

ಇನ್ನೊಂದು ನಿಯಮವಿತ್ತು. ನನ್ನ ಕಥೆಯೆಲ್ಲ ಇರುವುದು ಅದರಲ್ಲೇ. ಬೇರೆ ಯಾರ ಮಾತನ್ನು ರೆಕಾರ್ಡ್ ಮಾಡಿದರೂ, ಕತ್ತರಿಸಿ ಜೋಡಿಸಿದ ಮೇಲೆ, ಹಾಕುವ ಮೊದಲು, ಅವರ ಹತ್ತಿರ ವಾಪಸ್ ಹೋಗಿ ಕೇಳಿಸಬೇಕು. ಅವರು ಹೂಂ ಅಂದರೆ ಹಾಕುವುದು. ಫೋನಿನಲ್ಲಿ ಕಳಿಸಿದರೆ ನಡೆಯುವುದಿಲ್ಲ, ಎದುರಿಗೆ ಕೂತು ಮುಖ ನೋಡಬೇಕು. ಕುಪ್ಪೇಲೂರಿನ ಹೆಣ್ಣುಮಗಳೊಬ್ಬಳು ಕಾಯಿ ಆರಿಸುವುದನ್ನು ಸೊಗಸಾಗಿ ಹೇಳಿದ್ದಳು. ಹೇಳುತ್ತ ಹೇಳುತ್ತ ತನ್ನ ಅತ್ತೆ ತನ್ನನ್ನು ಹೇಗೆ ಆ ಕೆಲಸಕ್ಕೆ ಹಾಕಿ ಕೈ ಉರಿಸಿದಳು ಎಂದೂ ಹೇಳಿದಳು. ನಗುವೂ ಅಳುವೂ ಒಟ್ಟಿಗೆ ಬರುವಂಥ ಮಾತು. ನಾವು ಬಸ್ಸಿನಲ್ಲಿ ಮತ್ತೆ ಕುಪ್ಪೇಲೂರಿಗೆ ಹೋಗಿ ಕೇಳಿಸಿದೆವು. ಆಕೆ ಹೆಡ್‌ಫೋನ್ ತೆಗೆದು, "ಅತ್ತಿ ಸುದ್ದಿ ತಗೀರಿ. ಆಕಿ ಇನ್ನೂ ಒಳಗ ಮಲಗ್ಯಾಳ," ಅಂದಳು. ಅಲ್ಲೇ ತೆಗೆದರು.

ವಾಪಸ್ ಬರುವಾಗ ನಾನು ಗೊಣಗಿದೆ. "ಇಡೀ ಕಂತಿನ ಜೀವ ಅದರಾಗಿತ್ರಿ ಮಾಲಕರ. ಆಕಿಗೇನ್ ತಿಳಿತೈತಿ?"

"ದನಿ ಆಕೀದು, ಗುಮಾಸ್ತರ. ನಾವು ಬರೇ ವಯರು."

ಎರಡನೆಯ ವರ್ಷದ ಹೊತ್ತಿಗೆ ಮಾರುಕಟ್ಟೆಯಲ್ಲಿ ಮಂದಿ ನನ್ನ ದನಿ ಗುರುತಿಸತೊಡಗಿದರು. ಚಹಾದ ಅಂಗಡಿಯಲ್ಲಿ ಮಾತಾಡಿದರೆ ಪಕ್ಕದ ಮೇಜಿನವರು ತಿರುಗಿ ನೋಡುತ್ತಿದ್ದರು. ನಲವತ್ತು ವರ್ಷ ಬೇರೆಯವರ ಅಂಗಡಿಯ ಮೂಲೆಯಲ್ಲಿ ಕೂತವನಿಗೆ ಅದು ತಲೆಗೆ ಏರಿತು. ಆಮೇಲೆ ಒಂದು ಹಂತಕ್ಕೆ ಬಂದು ಕೇಳುಗರ ಸಂಖ್ಯೆ ನಿಂತುಬಿಟ್ಟಿತು. ವಾರ ವಾರ ಅಷ್ಟೇ. ಮೆಣಸಿನಕಾಯಿಯ ಬಗ್ಗೆ ಎಷ್ಟು ಹೇಳಬಹುದೋ ಅಷ್ಟೂ ಹೇಳಿ ಮುಗಿದಿತ್ತು. ನನಗೆ ನಿದ್ದೆ ಬಾರದಾಯಿತು.

ಅಂಥದರಲ್ಲಿ ಒಂದು ಮಧ್ಯಾಹ್ನ ಅಂಗಿಗೆ ಸಿಕ್ಕಿಸುವ ಹೊಸ ಸಣ್ಣ ಮೈಕು ತರಿಸಿದ್ದರು. ಪರೀಕ್ಷೆಗೆಂದು ಅದನ್ನು ನಾನೇ ಅವರ ಅಂಗಿಗೆ ಸಿಕ್ಕಿಸಿ, ಅವರ ಪ್ರಶ್ನೆಯನ್ನೇ ಕೇಳಿದೆ: "ಮುಂಜಾನೆ ಏನ್ ತಿಂದ್ರಿ ಮಾಲಕರ?"

"ಅವಲಕ್ಕಿ," ಅಂದರು. "ಇವತ್ತ ನಾನ ಕಲಸಿದೆ." ಮತ್ತೆ ತಾವಾಗಿಯೇ ಮಾತಿಗಿಳಿದರು. "ಸೋಮವಾರನೂ ಅವಲಕ್ಕಿನ. ಅವತ್ತ ಆಕಿ ಮಾಡಿದ್ಲು. ನಾ ಬೆನ್ನು ಮಾಡಿ ಕುಂತು ತಿನ್ನಾಕತ್ತಿದ್ದೆ. ಆಕಿ ಬಚ್ಚಲದಾಗ ಜಾರಿ ಬಿದ್ದಾಳ. ಕರದಾಳ. ಎಷ್ಟು ಸಲ ಕರದಾಳೋ ದೇವರಿಗೇ ಗೊತ್ತು. ನಾ ಶೇಂಗಾ ಆರಿಸಿ ಆರಿಸಿ ತಿನ್ನಾಕತ್ತೀನಿ. ಬಾಜೂ ಮನಿಯವ್ರು ಬಂದು ಎತ್ತಿದ್ರು. ಕೈ ಮುರದೈತಿ. ಆಕಿ ನನ್ನ ಕಡೆ ಒಮ್ಮೆ ನೋಡಿದ್ಲು, ಏನೂ ಅನಲಿಲ್ಲ. ಬೇಕಂತ ಏಳಲಿಲ್ಲ ಅಂತ ತಿಳಕೊಂಡಾಳ. ತಿಳಕೊಳ್ಳಿ. ಕಲ್ಲ ಮನಸ್ಯಾ ಅಂದ್ರ ಅನ್ಲಿ. ಕಿವುಡ ಅಂತ ಒಮ್ಮೆ ಗೊತ್ತಾತು ಅಂದ್ರ ಮೈಕಿಗೆ ಯಾರು ಕರೀತಾರ್ರಿ?"

ಅವರು ಎಲ್ಲವನ್ನೂ ಹೇಳಿದರು. ಹರೆಯದಿಂದಲೂ ಹಾರ್ನ್ ಸ್ಪೀಕರಿನ ಬಾಯಿಗೇ ನಿಂತು, ಆಮೇಲೆ ದೊಡ್ಡ ಪೆಟ್ಟಿಗೆಗಳ ಪಕ್ಕದಲ್ಲಿ ನಿಂತು, ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿಯಲ್ಲಿ ದಪ್ಪ ಸದ್ದು ಮಾತ್ರ ಉಳಿದಿತ್ತು. ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು, ಮಂದಿಯ ತುಟಿ ನೋಡಿ, ಪರದೆಯ ಗೆರೆ ನೋಡಿ ಎಂಟು ವರ್ಷ ಕಸುಬು ನಡೆಸಿದ್ದರು. "ಆ ಮೆಣಸಿನಕಾಯಿ ಸದ್ದು ಐತಲ್ಲ, ಗುಮಾಸ್ತರ, ಅದು ನನಗ ಒಂದ್ ದಿನಾನೂ ಕೇಳಿಲ್ಲ. ಗೆರಿ ಏಳ್ತಿತ್ತು, ಅದನ್ನ ನೋಡಿ ಭಾರಿ ಬಂದೈತಿ ಅಂತಿದ್ದೆ."

ಕೊನೆಗೆ ಮೈಕು ಬಿಚ್ಚಿ ನನ್ನ ಕೈಗೆ ಕೊಟ್ಟರು. "ಇದು ಬರೇ ಟೆಸ್ಟ್. ಅಳಿಸಿಬಿಡ್ರಿ."

"ಹೂಂ," ಅಂದೆ.

ಮನೆಗೆ ಬಂದು ಕೇಳಿದೆ. ಎರಡು ವರ್ಷದಲ್ಲಿ ನಾವು ಅಂಥದೊಂದನ್ನೂ ಮಾಡಿರಲಿಲ್ಲ. ಮೂರು ದಿನ ಅಳಿಸದೆ ಇಟ್ಟುಕೊಂಡೆ. ನಾಲ್ಕನೆಯ ದಿನ ಕತ್ತರಿಸಲು ಕೂತೆ. ಅವರು ಕಲಿಸಿದ್ದನ್ನೆಲ್ಲ ಅಚ್ಚುಕಟ್ಟಾಗಿ ಮಾಡಿದೆ. ಕೆಮ್ಮು ತೆಗೆದು ಅದೇ ಕೋಣೆಯ ಖಾಲಿ ಸದ್ದಿನ ತೇಪೆ ಹಾಕಿದೆ. ಎಲ್ಲಕ್ಕಿಂತ ಗಟ್ಟಿಯಾದ ಮಾತನ್ನು ಮೊದಲಿಗಿಟ್ಟೆ: ಆ ಸದ್ದು ನನಗೆ ಒಂದು ದಿನವೂ ಕೇಳಿಲ್ಲ ಎಂಬುದನ್ನು. ಒಳಗಿರುವುದನ್ನೇ ತಲೆಬರಹ ಮಾಡಿದೆ: 'ಕಿವಿ ಕೇಳದ ಮೈಕಿನವನು'. ಮಾತಿನ ನಡುವೆ ಒಂದು ಕಡೆ ಅವರ ಹೆಸರು ಬಂದಿತ್ತು, ಅದನ್ನು ತೆಗೆದೆ. ಹೆಸರು ತೆಗೆದ ಮೇಲೆ ಯಾರದೆಂದು ಯಾರಿಗೆ ಗೊತ್ತಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಕುಪ್ಪೇಲೂರಿಗೆ ಎರಡೆರಡು ಸಲ ಬಸ್ಸಿನಲ್ಲಿ ಹೋಗಿ ಬಂದವನು, ರಾಣೆಬೆನ್ನೂರಿಗೆ ಹೋಗಿ ಅವರನ್ನು ಒಂದು ಮಾತು ಕೇಳಲಿಲ್ಲ. ಕೇಳಿದರೆ ಬೇಡ ಅಂದಾರು ಎಂದು ಕೇಳಲಿಲ್ಲ.

ಹಾಕಿದೆ. ನಿಂತಿದ್ದ ಸಂಖ್ಯೆ ಓಡತೊಡಗಿತು. ಎಂದೂ ಕೇಳದ ಊರುಗಳಿಂದ ಮಂದಿ ಬರೆದರು. ಅದರ ಮೊದಲ ಹತ್ತು ಸೆಕೆಂಡನ್ನು ಯಾರೋ ಕತ್ತರಿಸಿ ಗುಂಪುಗಳಿಗೆ ಹಾಕಿದರು, ಫೋನಿನಿಂದ ಫೋನಿಗೆ ಹೋಯಿತು. ಮುಂದಿನ ವಾರ ಅಂಗಡಿಗೆ ಹೋದಾಗ ಅವರು ಎಂದಿನಂತೆ ಕೇಳಿದರು: "ಈ ಸಲ ಏನ್ ಹಾಕಿದ್ರಿ?"

"ಹಳೇದೊಂದು ಇತ್ತು, ಅದನ್ನ," ಅಂದೆ. ಅವರು ನನ್ನ ತುಟಿ ನೋಡುತ್ತಿದ್ದರು. ನಾನು ಸ್ಪಷ್ಟವಾಗಿಯೇ ಹೇಳಿದೆ.

ಹದಿನೈದು ದಿನಕ್ಕೆ ಹಾವೇರಿಯಲ್ಲಿ ನನ್ನ ಪರಿಚಯದ ರೈತರೊಬ್ಬರ ಮಗಳ ಮದುವೆ. ಮೈಕು ನಮ್ಮ ಮಾಲಕರದೇ. ವೇದಿಕೆಯ ಮೇಲೆ ಹಿರಿಯರೊಬ್ಬರು ಆಶೀರ್ವಾದದ ಮಾತಾಡುತ್ತಿದ್ದರು. ಗಂಡಿನ ಕಡೆಯ ನಾಲ್ಕು ಹುಡುಗರು ಹೋಗಿ ಮಾಲಕರ ಭುಜ ತಟ್ಟಿದರು. "ಮಾಲಕರ, ಮೈಕು ಕುಂಯ್ ಅನ್ನಾಕತ್ತೈತಿ!"

ಮೈಕು ಕುಂಯ್ ಅನ್ನುತ್ತಿರಲಿಲ್ಲ. ಅವರು ಓಡಿಹೋಗಿ ಯಂತ್ರದ ಗುಂಡಿ ತಿರುಗಿಸಿದರು.

"ಇನ್ನೂ ಐತ್ರಿ!"

ಮತ್ತೆ ತಿರುಗಿಸಿದರು. "ಇನ್ನೂ ಒಂಚೂರ್ರಿ!" ಹಿರಿಯರ ಮಾತು ಸಣ್ಣಗಾಗುತ್ತ ಹೋಗಿ ಪೂರ್ತಿ ನಿಂತಿತು. ತುಟಿ ಮಾತ್ರ ಆಡುತ್ತಿತ್ತು. "ಈಗ ಸರಿ ಆತ್ರಿ ಮಾಲಕರ, ಈಗ ಭಾರಿ ಬರಾಕತ್ತೈತಿ!" ಅಂದರು ಹುಡುಗರು. ಅವರು ಸಮಾಧಾನದಿಂದ ನಕ್ಕು, ವೇದಿಕೆಯ ಕಡೆ ಹೆಬ್ಬೆರಳೆತ್ತಿ ತೋರಿಸಿದರು. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಣ್ಣಿನ ತಂದೆ, "ಮೈಕ್ ಬಂದ್ ಆಗೈತಿ!" ಎಂದು ಕೂಗುತ್ತ ಬಂದರು. ಒಬ್ಬ ಹುಡುಗ ತನ್ನ ಕಿವಿ ಮುಟ್ಟಿಕೊಂಡು, ಫೋನು ತೋರಿಸಿ ಏನೋ ಹೇಳಿದ. ಮಾಲಕರು ಅವನ ತುಟಿ ನೋಡಿದರು. ಆಮೇಲೆ ಸಭೆಯ ಕಡೆ ತಿರುಗಿ ಸಾಲು ಸಾಲಾಗಿ ಹುಡುಕಿದರು. ಯಾರನ್ನು ಹುಡುಕುತ್ತಿದ್ದಾರೆಂದು ನನಗೆ ಗೊತ್ತಿತ್ತು. ನಾನು ಕೈಯಲ್ಲಿದ್ದ ಅಕ್ಷತೆಯ ಕಾಳುಗಳನ್ನು ನೋಡುತ್ತ ಕೂತೆ. ಏಳಲಿಲ್ಲ.

ಮರುದಿನ ಬೆಳಿಗ್ಗೆಯ ಬಸ್ಸಿಗೆ ಬ್ಯಾಡಗಿಗೆ ಬಂದರು. ಚಹಾ ಬೇಡವೆಂದರು. "ಹಚ್ರಿ," ಅಂದರು. ಹೆಡ್‌ಫೋನ್ ಹಾಕಿಕೊಂಡು, ದನಿಯನ್ನು ಕೊನೆಯ ತನಕ ಏರಿಸಿ, ಪೂರ್ತಿ ಕೇಳಿದರು. ಕೇಳಿದಷ್ಟು ಕೇಳಿದರು, ಉಳಿದದ್ದನ್ನು ಪರದೆಯ ಮೇಲೆ ನೋಡಿದರು.

"ಚೊಲೋ ಕತ್ತರಿಸೀರಿ. ಮೊದಲಿಗೆ ಇಡೋದನ್ನ ಮೊದಲಿಗೆ ಇಟ್ಟೀರಿ. ತೇಪಿ ಗೊತ್ತಾಗೂದಿಲ್ಲ."

"ನಿಮ್ಮ ಹೆಸರು ತಗದೇನ್ರಿ ಮಾಲಕರ. ಎಲ್ಲಿನೂ ಬಂದಿಲ್ಲ."

"ಮೂವತ್ತು ವರ್ಷ ಈ ದನೀಲೆ ಮಂದೀನ ಊಟಕ್ಕ ಕರದೇನಿ. ಹೆಸರು ಯಾರಿಗೆ ಬೇಕಿತ್ರಿ?"

ನಾನು ತಲೆ ತಗ್ಗಿಸಿದೆ. "ಮಾರಿ ಮ್ಯಾಲ ಮಾಡ್ರಿ, ನಿಮ್ಮ ಮಾತು ಕಾಣವಲ್ದು," ಅಂದರು. ಮುಖ ಎತ್ತಿದೆ.

"ಒಂದ್ ಸಲ ನನ್ನ ಕೇಳಬೇಕಿತ್ತು. ಕೇಳಿದ್ರ ಹೂಂ ಅಂತಿದ್ನೋ ಏನೋ. ಮುಚ್ಚಿಟ್ಟು ಮುಚ್ಚಿಟ್ಟು ನನಗೂ ಸಾಕಾಗಿತ್ತು."

"ಅಳಿಸಿಬಿಡ್ಲೇನ್ರಿ?"

"ಈಗ ಅಳಿಸಿ ಏನ್ ಮಾಡ್ತೀರಿ? ಆಗಿದ್ದು ಆಗೈತಿ."

ಅದನ್ನು ನಾನು ಒಪ್ಪಿಗೆ ಎಂದು ಇಟ್ಟುಕೊಂಡೆ. ಆ ಕಂತು ಹಾಗೆಯೇ ಇತ್ತು, ಅದರಿಂದ ಹೊಸ ಕೇಳುಗರು ಬರುತ್ತಲೇ ಇದ್ದರು. ಆ ಹಂಗಾಮಿನ ಮದುವೆಗಳು ಒಂದೊಂದಾಗಿ ಬೇರೆ ಮೈಕಿನವರಿಗೆ ಹೋದವು. ಯಾರೂ ಕಾರಣ ಹೇಳಲಿಲ್ಲ, ನಯವಾಗಿಯೇ ಬೇಡವೆಂದರು. ವರ್ಷ ತುಂಬುವುದರಲ್ಲಿ ಅವರು ಪೆಟ್ಟಿಗೆಗಳನ್ನು ಮಾರಿ, ಪರಿಚಯದವರ ಬೀಜದ ಅಂಗಡಿಯಲ್ಲಿ ಪಾಕೀಟು ತೆಗೆದುಕೊಡುವ ಕೆಲಸಕ್ಕೆ ಸೇರಿದರು.

ಒಂದು ಸಲ ಅಲ್ಲಿಗೆ ಹೋದೆ. ಗಿರಾಕಿಗಳು ಅವರ ಮುಖಕ್ಕೆ ಮುಖ ತಂದು ಕೂಗುತ್ತಿದ್ದರು. "ಟೊಮ್ಯಾಟೋ ಬೀಜಾ! ಟೊ-ಮ್ಯಾ-ಟೋ!" ಗುಟ್ಟು ಗೊತ್ತಿಲ್ಲದಾಗ ಯಾರೂ ಕೂಗುತ್ತಿರಲಿಲ್ಲ, ಆಗ ಅವರಿಗೆ ತುಟಿ ಓದಿ ಎಲ್ಲ ತಿಳಿಯುತ್ತಿತ್ತು. ಕೂಗುವವರ ತುಟಿ ಅಂಕುಡೊಂಕಾಗು‌ತ್ತದೆ, ಓದಲು ಬರುವುದಿಲ್ಲ ಎಂದು ಅವರೇ ಹೇಳಿದರು, ನಗುತ್ತ.

ನಾನು ಬಂದ ಕೆಲಸ ಹೇಳಿದೆ: ನನ್ನ ತಪ್ಪನ್ನೆಲ್ಲ ಒಪ್ಪಿಕೊಂಡು ಒಂದು ಕಂತು ಮಾಡುತ್ತೇನೆ, ಊರ ಮುಂದೆ ಕ್ಷಮೆ ಕೇಳುತ್ತೇನೆ.

ಅವರು ಕೈಯಲ್ಲಿದ್ದ ಪಾಕೀಟು ಕೆಳಗಿಟ್ಟರು. "ಅದನ್ನೂ ಮಂದಿ ಕೇಳ್ತಾರ್ರಿ, ಗುಮಾಸ್ತರ. ಇದಕ್ಕಿಂತ ಹೆಚ್ಚ ಕೇಳ್ತಾರ. ನಿಮಗ ಚೊಲೋನ ಆಗ್ತೈತಿ. ನನ್ನ ಸುದ್ದಿ ಸಾಕು ಮಾಡ್ರಿ." ಪಾಕೀಟು ಜೋಡಿಸಲು ತಿರುಗಿದರು. ಬೆನ್ನು ತಿರುಗಿದ ಮೇಲೆ ನಾನು ಏನು ಹೇಳಿದರೂ ಅವರಿಗೆ ಮುಟ್ಟುವಂತಿರಲಿಲ್ಲ. ಆದರೂ ಹೇಳಿದೆ. ಹೇಳಿ ಬಂದೆ.

ಹೋದ ತಿಂಗಳು ಸಾವಿನ ಸುದ್ದಿ ಬಂದ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸ, ಆ ಕಂತನ್ನು ಅಳಿಸಿದ್ದು. ಹಾಕಿದಲ್ಲಿಂದ ತೆಗೆದೆ, ನನ್ನ ಫೋನಿನಿಂದ ತೆಗೆದೆ, ಸೊಸೆಯ ಕಂಪ್ಯೂಟರಿನಲ್ಲಿದ್ದ ಮೂಲ ರೆಕಾರ್ಡನ್ನೂ ತೆಗೆಸಿದೆ. ಸ್ನಾನ ಮಾಡಿದಷ್ಟು ಹಗುರವಾಯಿತು. ಹಗುರವಾದೆನೆಂಬುದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೂರನೆಯ ದಿನ ಅವರ ಮನೆಗೆ ಹೋದೆ. ಅವರ ಹೆಂಡತಿ ನನ್ನನ್ನು ಬೈಯುತ್ತಾರೆಂದು ತಯಾರಾಗಿ ಹೋಗಿದ್ದೆ. ಆಕೆ ನೀರು ಕೊಟ್ಟು ಎದುರಿಗೆ ಕೂತರು.

"ಅಣ್ಣಾರ, ನಿಮ್ಮಿಂದ ಒಂದ್ ಕೆಲಸ ಆಗಬೇಕಿತ್ತು. ನಾ ಬಚ್ಚಲದಾಗ ಬಿದ್ದಿದ್ದು ಹೇಳ್ಯಾರಲ್ರಿ ಅವರು, ನಿಮ್ಮ ರೆಕಾರ್ಡಿನ್ಯಾಗ. ಅದನ್ನ ಕೇಳಿದ ಮ್ಯಾಲೇ ನನಗ ತಿಳೀತು, ಅವರು ಬೇಕಂತ ಏಳದ ಇದ್ದಿದ್ದಲ್ಲ ಅಂತ. ಅಲ್ಲೀತನಕ ಭಾಳ ಸಿಟ್ಟಿತ್ತು ನನಗ. ಕೇಳೇನಿ ಅಂತ ಅವರಿಗೆ ಹೇಳಲಿಲ್ಲ. ಒಳಗ ಕುಂತು ಹಚ್ಚತಿದ್ದೆ, ಅವರು ಪಡಸಾಲ್ಯಾಗ ಇರ್ತಿದ್ರು. ಅವರಿಗೇನ್ ಕೇಳೂದಿಲ್ಲಲ್ಲ." ಸೆರಗಿನಿಂದ ಫೋನಿನ ಮುಖ ಒರೆಸಿದರು. "ಮೊನ್ನೆಯಿಂದ ಒತ್ತಾಕತ್ತೇನಿ, ಬರವಲ್ದು. ಊರ ಮಂದೀದೆಲ್ಲಾ ಹಾಡು, ಭಾಷಣ ತುಂಬಿಟ್ಟಾರ, ತಮ್ಮದೊಂದೂ ಇಟ್ಟಿಲ್ಲ. ಅವರ ದನಿ ಈ ಮನ್ಯಾಗ ಅದೊಂದ ಇತ್ತು. ಹ್ಯಾಂಗರ ಮಾಡಿ ಕೊಡ್ರಿ."

"ನೋಡ್ತೀನಿ ತಂಗಿ," ಅಂದೆ. ಅಳಿಸಿದವನು ನಾನೇ ಎಂದು ಹೇಳಲು ಅಲ್ಲಿಯೂ ನನಗೆ ಬಾಯಿ ಬರಲಿಲ್ಲ.

ಮೂರು ವಾರ ಹುಡುಕಿದೆ. ಹಾವೇರಿಯ ಆ ಮದುವೆಯ ಹುಡುಗರ ಮನೆಗಳಿಗೆ ಹೋದೆ. ಗುತ್ತಲಕ್ಕೆ ಹೋದೆ, ಮಾರುಕಟ್ಟೆಯಲ್ಲಿ ಒಬ್ಬೊಬ್ಬರನ್ನೂ ನಿಲ್ಲಿಸಿ ಕೇಳಿದೆ. ಸಿಕ್ಕಿದ್ದು ಒಂದೇ: ಮೊದಲಿನ ಆ ಹತ್ತು ಸೆಕೆಂಡು, ಕೊನೆಗೆ ಯಾರೋ ಜೋಡಿಸಿದ ನಗು. ಅದನ್ನು ಆಕೆಗೆ ಹೇಗೆ ಕೊಡಲಿ?

ಹೋದ ಸೋಮವಾರ ಹೋಗಿ ನಿಜ ಹೇಳಿದೆ. ಆಕೆ ಅಳಲಿಲ್ಲ. ಮುರಿದು ಕೂಡಿಕೊಂಡಿದ್ದ ಕೈಯನ್ನು ಇನ್ನೊಂದು ಕೈಯಿಂದ ಸವರುತ್ತ, "ಅವರನ್ನ ಕೇಳದ ಹಾಕಿದ್ರಿ, ನನ್ನ ಕೇಳದ ತಗದ್ರಿ," ಅಂದರು. ಅಷ್ಟೇ. ಎದ್ದು ಒಳಗೆ ಹೋದರು.

ಪಾಡ್‌ಕಾಸ್ಟ್ ನಿಲ್ಲಿಸಿದ್ದೇನೆ. ನನ್ನ ಸುದ್ದಿ ಸಾಕು ಮಾಡಿ ಎಂದಿದ್ದರು ಅವರು. ಆ ಮಾತನ್ನೂ ಈಗ ಮೀರುತ್ತಿದ್ದೇನೆ, ಆದರೆ ಈ ಸಲ ಆಕೆಯನ್ನು ಕೇಳಿ ಮೀರುತ್ತಿದ್ದೇನೆ. ನಿನ್ನೆ ಅವರ ಮನೆಯ ಹೊರಗೆ ಕಟ್ಟೆಯ ಮೇಲೆ ಕೂತು, ಬರೆದದ್ದನ್ನು ಮೊದಲಿಂದ ಇಲ್ಲಿಯವರೆಗೆ ಓದಿ ಹೇಳಿದೆ. ಬಾಗಿಲ ಮರೆಯಲ್ಲಿ ನಿಂತು ಕೇಳಿ, ಹೂಂ ಅಂದರು.

ನಿಮ್ಮಲ್ಲಿ ಯಾರ ಫೋನಿನಲ್ಲಾದರೂ ಆ ಕಂತು ಪೂರ್ತಿ ಉಳಿದಿರಬಹುದು. ಉಳಿದಿದ್ದರೆ ನನಗೆ ಕಳಿಸಬೇಡಿ. ರಾಣೆಬೆನ್ನೂರಿನಲ್ಲಿ ಮೈಕಿನವರ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ಹೋಗಿ ಆಕೆಯ ಕೈಗೆ ಕೊಡಿ. ಕೊಟ್ಟು ಕೂಡಲೇ ಬಂದುಬಿಡಿ, ಆಕೆ ಅದನ್ನು ಒಬ್ಬರೇ ಕೇಳಬೇಕು.